ಕ್ಯಾಲೆಂಡರ್ ಸಾಕಾ, ಬುಕಿಂಗ್ ಆ್ಯಪೂ ಬೇಕಾ? ಮೀಟಿಂಗ್ ಗೊತ್ತುಮಾಡುವ ಆ್ಯಪ್ ಆರಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

"ಬುಧವಾರ ಮೂರಕ್ಕೆ ಆಗುತ್ತಾ?"
"ಮೂರಕ್ಕೆ ಇನ್ನೊಂದು ಇದೆ. ಗುರುವಾರ?"
"ಗುರುವಾರ ಬೆಳಿಗ್ಗೆ ಆದರೆ ಸರಿ."
"ಬೆಳಿಗ್ಗೆ ಅಂದರೆ ಎಷ್ಟಕ್ಕೆ?"
"ಹತ್ತು?"
"ಅಯ್ಯೋ, ಈಗಷ್ಟೇ ಹತ್ತಕ್ಕೆ ಬೇರೆ ಮೀಟಿಂಗ್ ಬಂತು."

ಇಪ್ಪತ್ತು ನಿಮಿಷದ ಮಾತಿಗೆ ಎರಡು ದಿನದ ಮೆಸೇಜು. ನಾಲ್ಕೈದು ಸಲ ಹೀಗಾದರೆ ಯಾರಿಗಾದರೂ ಸಾಕಾಗುತ್ತದೆ. ಇದಕ್ಕೊಂದು ಆ್ಯಪ್ ಇರಬೇಕಲ್ವಾ ಅಂತ ಹುಡುಕಲು ಕೂತರೆ ಹತ್ತಿಪ್ಪತ್ತು ಹೆಸರು ಸಿಗುತ್ತವೆ. ಎರಡು ಮೂರು ಹಾಕಿಕೊಂಡು ನೋಡುತ್ತೇವೆ. ತಿಂಗಳು ಕಳೆಯುವಷ್ಟರಲ್ಲಿ ಮೂರು ಕಡೆ ಮೂರು ಕ್ಯಾಲೆಂಡರ್. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ನಾನೂ ಈ ದಾರಿಯಲ್ಲಿ ಹೋಗಿ ಎಡವಿ ವಾಪಸ್ ಬಂದವನೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕ್ಯಾಲೆಂಡರ್ ಆ್ಯಪ್ ಬೇರೆ, ಬುಕಿಂಗ್ ಆ್ಯಪ್ ಬೇರೆ. ಗೂಗಲ್ ಕ್ಯಾಲೆಂಡರ್, ಔಟ್‌ಲುಕ್, ಆಪಲ್ ಕ್ಯಾಲೆಂಡರ್ ಇವೆಲ್ಲ ನಿಮ್ಮ ಲೆಕ್ಕದ ಪುಸ್ತಕ. ಯಾವ ಗಂಟೆ ಯಾರಿಗೆ ಕೊಟ್ಟಿದ್ದೀರಿ ಅಂತ ಬರೆದಿಡುವ ಜಾಗ. ಕ್ಯಾಲೆಂಡ್ಲಿ, ಕ್ಯಾಲ್ ಡಾಟ್ ಕಾಮ್, ಮೈಕ್ರೋಸಾಫ್ಟ್ ಬುಕಿಂಗ್ಸ್ ಇವೆಲ್ಲ ಆ ಪುಸ್ತಕ ನೋಡಿಕೊಂಡು ಬಂದವರಿಗೆ "ಈ ಹೊತ್ತು ಖಾಲಿ ಇದೆ ನೋಡಿ" ಅಂತ ಹೇಳುವ ಗುಮಾಸ್ತ. ಪುಸ್ತಕದಲ್ಲಿ ತಪ್ಪಿದ್ದರೆ ಗುಮಾಸ್ತ ಎಷ್ಟೇ ಜಾಣನಾದರೂ ತಪ್ಪೇ ಹೇಳುತ್ತಾನೆ. ನಾನು ನೋಡಿದ ಮಟ್ಟಿಗೆ, ಹೊಸ ಆ್ಯಪ್ ಹುಡುಕುವವರಲ್ಲಿ ಜಾಸ್ತಿ ಜನಕ್ಕೆ ಬೇಕಾಗಿರುವುದು ಗುಮಾಸ್ತ ಅಲ್ಲ, ಸರಿಯಾಗಿ ಬರೆದ ಪುಸ್ತಕ.

ಹೆಜ್ಜೆ 1: ಎರಡು ವಾರ ಸುಮ್ನೆ ಎಣಿಸಿ

ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಎರಡು ವಾರ, ಪ್ರತಿ ಮೀಟಿಂಗ್ ಗೊತ್ತಾದಾಗಲೂ ಒಂದು ಸಾಲು ಬರೆಯಿರಿ. ಯಾರ ಜೊತೆ? ಒಬ್ಬರಾ, ತುಂಬಾ ಜನರಾ? ನಿಮ್ಮ ಸಂಸ್ಥೆಯವರಾ, ಹೊರಗಿನವರಾ? ಸಮಯ ಕೇಳಿದ್ದು ನೀವಾ, ಅವರಾ? ಎಷ್ಟು ಮೆಸೇಜ್ ಆಯಿತು?

ನಾನು ಹೀಗೆ ಬರೆದಾಗ ಸಿಕ್ಕಿದ್ದು ತಮಾಷೆಯಾಗಿತ್ತು. ಅರ್ಧಕ್ಕಿಂತ ಜಾಸ್ತಿ ಮೀಟಿಂಗ್ ನನ್ನದೇ ತಂಡದ ನಾಲ್ಕು ಜನರ ಜೊತೆ. ಅವರ ಕ್ಯಾಲೆಂಡರ್ ನನಗೆ ಆಗಲೇ ಕಾಣುತ್ತಿತ್ತು. ತೆರೆದು ನೋಡುವ ಬದಲು ಮೆಸೇಜ್ ಹಾಕಿ "ಫ್ರೀ ಇದ್ದೀರಾ?" ಅಂತ ಕೇಳುತ್ತಿದ್ದೆ, ಅಷ್ಟೇ. ಅದಕ್ಕೆ ಯಾವ ಆ್ಯಪ್ ತಂದರೂ ಪ್ರಯೋಜನವಿಲ್ಲ.

ಹೆಜ್ಜೆ 2: ನಿಮ್ಮದು ಯಾವ ಥರದ ತಲೆನೋವು ಅಂತ ನೋಡಿ

ಹಾಳೆ ನೋಡಿದರೆ ನಿಮ್ಮ ಮೀಟಿಂಗ್‌ಗಳು ನಾಲ್ಕು ಥರದಲ್ಲಿ ಒಂದಕ್ಕೆ ವಾಲಿರುವುದು ಗೊತ್ತಾಗುತ್ತದೆ.

ಎಲ್ಲರೂ ಒಂದೇ ಸಂಸ್ಥೆಯವರಾದರೆ ನಿಮಗೆ ಬೇಕಾದದ್ದು ಈಗಾಗಲೇ ಇದೆ. ಔಟ್‌ಲುಕ್‌ನಲ್ಲಿ ಎಲ್ಲರ ಖಾಲಿ ಹೊತ್ತನ್ನು ಒಟ್ಟಿಗೆ ತೋರಿಸುವ ಶೆಡ್ಯೂಲಿಂಗ್ ಅಸಿಸ್ಟೆಂಟ್ ಇದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಈವೆಂಟ್‌ಗೆ ಜನರನ್ನು ಸೇರಿಸಿದರೆ ಎಲ್ಲರ ದಿನವೂ ಪಕ್ಕಪಕ್ಕದಲ್ಲಿ ಪಟ್ಟಿಯಾಗಿ ಕಾಣುತ್ತದೆ. ಎಲ್ಲಿ ಎಲ್ಲರ ಪಟ್ಟಿಯೂ ಖಾಲಿಯೋ ಅಲ್ಲಿ ಮೀಟಿಂಗ್ ಇಡಿ. ಕೇಳಲೇಬೇಕಿಲ್ಲ.

ಹೊರಗಿನವರು ಒಬ್ಬೊಬ್ಬರಾಗಿ ನಿಮ್ಮ ಸಮಯ ಕೇಳಿಕೊಂಡು ಬರುತ್ತಾರೆ ಅಂದರೆ ಬುಕಿಂಗ್ ಪೇಜ್ ಬೇಕು. ಅಂದರೆ ನೀವು ಕಳಿಸಿದ ಲಿಂಕ್ ಒತ್ತಿ, ನಿಮ್ಮ ಖಾಲಿ ಹೊತ್ತುಗಳನ್ನು ನೋಡಿ, ಅವರೇ ಒಂದನ್ನು ಆರಿಸಿಕೊಳ್ಳುವ ಪುಟ. ಪಾಠ ಹೇಳುವವರು, ಸಲಹೆ ಕೊಡುವವರು, ಸಂದರ್ಶನ ಮಾಡುವವರು, ಗ್ರಾಹಕರ ಜೊತೆ ಮಾತಾಡುವವರಿಗೆ ಇದು ನಿಜಕ್ಕೂ ವರ. ಕ್ಯಾಲೆಂಡ್ಲಿ ಹುಟ್ಟಿದ್ದೇ ಹೀಗೆ. ಟೋಪೆ ಅವೊಟೊನಾ ಅನ್ನುವವರು ಸೇಲ್ಸ್ ಕೆಲಸದಲ್ಲಿದ್ದಾಗ ಒಂದು ಭೇಟಿಗೆ ಹತ್ತು ಇಮೇಲ್ ಕಳಿಸುವ ಪಾಡಿಗೆ ಬೇಸತ್ತು 2013ರಲ್ಲಿ ಅದನ್ನು ಶುರುಮಾಡಿದರು.

ಬೇರೆ ಬೇರೆ ಕಡೆಯ ಏಳೆಂಟು ಜನ ಒಂದು ಹೊತ್ತಿಗೆ ಸೇರಬೇಕು ಅಂದರೆ ಬುಕಿಂಗ್ ಪೇಜ್‌ನಿಂದ ಕೆಲಸ ಆಗುವುದಿಲ್ಲ. ಅಲ್ಲಿ ಪೋಲ್ ಬೇಕು. ಡೂಡಲ್ 2007ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ನೀವು ನಾಲ್ಕೈದು ಸಮಯ ಕೊಡುತ್ತೀರಿ, ಪ್ರತಿಯೊಬ್ಬರೂ ತಮಗೆ ಆಗುವುದಕ್ಕೆ ಗುರುತು ಹಾಕುತ್ತಾರೆ. ವೆನ್‌ಟುಮೀಟ್ ಸ್ವಲ್ಪ ಬೇರೆ. ಇಡೀ ವಾರದ ಚೌಕಗಳು ತೆರೆದುಕೊಳ್ಳುತ್ತವೆ. ತಾವು ಖಾಲಿ ಇರುವ ಜಾಗಕ್ಕೆ ಎಲ್ಲರೂ ಬಣ್ಣ ಬಳಿಯುತ್ತಾರೆ. ಜಾಸ್ತಿ ಜನ ಸಿಗುವ ಚೌಕ ಗಾಢವಾಗಿ ಕಾಣುತ್ತದೆ. ನೋಡಲು ಹಳೇ ಕಾಲದ ಪುಟ, ಆದರೆ ಖಾತೆ ತೆರೆಯಬೇಕಿಲ್ಲ. ಯಾವ ದಿನ ಅನ್ನುವುದೇ ಗೊತ್ತಿಲ್ಲದಿದ್ದರೆ ವೆನ್‌ಟುಮೀಟ್ ಒಳ್ಳೆಯದು. ದಿನ ಗೊತ್ತಿದ್ದು ಗಂಟೆ ಮಾತ್ರ ಗೊತ್ತುಮಾಡಬೇಕು ಅಂದರೆ ಡೂಡಲ್ ಥರದ್ದು ಸಾಕು. ಪೋಲ್‌ನಲ್ಲಿ ಹದಿನೈದು ಆಯ್ಕೆ ಇಡಬೇಡಿ, ಯಾರೂ ಕೊನೆತನಕ ಓದುವುದಿಲ್ಲ. ಮುಗಿಯುವ ಗಡುವನ್ನೂ ಅದೇ ಮೆಸೇಜಿನಲ್ಲಿ ಹಾಕಿ.

ನಾಲ್ಕನೆಯದು, ಬೇರೆಯವರ ಗೋಜೇ ಇಲ್ಲ, ನಿಮ್ಮ ಕೆಲಸಕ್ಕೇ ಸಮಯ ಸಿಗುತ್ತಿಲ್ಲ ಅನ್ನುವುದು. ಇದಕ್ಕೆ ಮೋಷನ್, ರಿಕ್ಲೇಮ್ ಥರದ ಆ್ಯಪ್‌ಗಳಿವೆ, ಮಾಡಬೇಕಾದ ಕೆಲಸಗಳನ್ನು ಖಾಲಿ ಜಾಗಕ್ಕೆ ತಾವೇ ಹೊಂದಿಸುತ್ತವೆ. ನನಗೆ ಅವು ಒಗ್ಗಲಿಲ್ಲ. ಬೆಳಿಗ್ಗೆ ನೋಡಿದ ದಿನ ಮಧ್ಯಾಹ್ನಕ್ಕೆ ಬದಲಾಗಿರುತ್ತಿತ್ತು. ಕ್ಯಾಲೆಂಡರ್‌ನಲ್ಲಿ ನಾನೇ ಎರಡು ಗಂಟೆ "ಬರವಣಿಗೆ" ಅಂತ ಕಾದಿರಿಸಿಕೊಂಡದ್ದು ಹೆಚ್ಚು ಕೆಲಸಕ್ಕೆ ಬಂತು.

ಹೆಜ್ಜೆ 3: ಪುಸ್ತಕ ಒಂದೇ ಇರಲಿ

ಯಾವ ಕ್ಯಾಲೆಂಡರ್ ಒಳ್ಳೆಯದು? ನಿಮಗೆ ಇನ್ವೈಟ್‌ಗಳು ಈಗ ಎಲ್ಲಿ ಬಂದು ಬೀಳುತ್ತಿವೆಯೋ ಅದೇ. ಆಫೀಸಿನ ಮೇಲ್ ಔಟ್‌ಲುಕ್‌ನಲ್ಲಿದ್ದರೆ ಔಟ್‌ಲುಕ್. ಜಿಮೇಲ್ ಆದರೆ ಗೂಗಲ್. ಮನೆಮಂದಿಯ ಫೋನ್, ಲ್ಯಾಪ್‌ಟಾಪ್ ಎಲ್ಲ ಆಪಲ್ ಆದರೆ ಆಪಲ್ ಕ್ಯಾಲೆಂಡರ್. ನಿಮ್ಮ ಭೇಟಿಗಳ ವಿವರ ಆ್ಯಪ್ ಕಂಪನಿಗೂ ಕಾಣಬಾರದು ಅನ್ನುವ ಕೆಲಸ ನಿಮ್ಮದಾದರೆ ಪ್ರೋಟಾನ್ ಕ್ಯಾಲೆಂಡರ್ ನೋಡಿ, ಅದರಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ. ಚಂದ ನೋಡಿ ಬದಲಾಯಿಸುವಷ್ಟು ವ್ಯತ್ಯಾಸ ಇವುಗಳ ನಡುವೆ ಇಲ್ಲ.

ಎದುರಿನವರು ಬೇರೆ ಕ್ಯಾಲೆಂಡರ್ ಬಳಸುತ್ತಾರೆ ಅಂತ ಚಿಂತೆ ಬೇಡ. ಔಟ್‌ಲುಕ್‌ನಿಂದ ಹೋದ ಇನ್ವೈಟ್ ಗೂಗಲ್‌ನಲ್ಲಿ ಸರಿಯಾಗಿ ತೆರೆದುಕೊಳ್ಳುವುದು ಹೇಗೆ ಗೊತ್ತಾ? ಎಲ್ಲವೂ ಐಕ್ಯಾಲೆಂಡರ್ ಅನ್ನುವ ಒಂದೇ ಭಾಷೆ ಮಾತಾಡುತ್ತವೆ. 1998ರಲ್ಲಿ ಅದರ ಮೊದಲ ನಿಯಮಾವಳಿ ಬಂತು, 2009ರಲ್ಲಿ ಆರ್‌ಎಫ್‌ಸಿ 5545 ಅನ್ನುವ ಹೆಸರಲ್ಲಿ ತಿದ್ದಿ ಬರೆದರು. ಇಮೇಲಿಗೆ ಅಂಟಿಕೊಂಡು ಬರುವ ಐಸಿಎಸ್ ಫೈಲ್ ಅದೇ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಶುರುವಾಗುವ ಸಮಯ, ಮುಗಿಯುವ ಸಮಯ, ಟೈಮ್ ಜೋನ್, ಯಾರು ಕರೆದರು ಅನ್ನುವುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ಒಮ್ಮೆ ತೆರೆದು ನೋಡಿ, ಕ್ಯಾಲೆಂಡರ್ ಬಗ್ಗೆ ಇರುವ ಭಯ ಅರ್ಧ ಹೋಗುತ್ತದೆ.

ಆದರೆ ಇಲ್ಲೊಂದು ಗುಂಡಿ ಇದೆ. ಒಂದು ಕ್ಯಾಲೆಂಡರನ್ನು ಇನ್ನೊಂದಕ್ಕೆ ಜೋಡಿಸುವ ದಾರಿ ಎರಡು. ಒಂದು, ಖಾತೆಯನ್ನೇ ಸೇರಿಸುವುದು. ಆಗ ಇಲ್ಲಿ ಬದಲಾಯಿಸಿದ್ದು ಅಲ್ಲೂ ಬದಲಾಗುತ್ತದೆ, ಅದೂ ಬೇಗ. ಇನ್ನೊಂದು, ಐಸಿಎಸ್ ಲಿಂಕ್ ಕೊಟ್ಟು ಸಬ್‌ಸ್ಕ್ರೈಬ್ ಮಾಡುವುದು. ಇದು ನೋಡುವುದಕ್ಕೆ ಮಾತ್ರ. ತಿದ್ದಲು ಬರುವುದಿಲ್ಲ, ಮೇಲಾಗಿ ಹೊಸ ವಿಷಯ ಬರಲು ಹಲವು ಗಂಟೆ ಹಿಡಿಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುವುದರಿಂದ ಜನ ಮೋಸಹೋಗುತ್ತಾರೆ. ಬೆಳಿಗ್ಗೆ ಆಫೀಸ್ ಕ್ಯಾಲೆಂಡರ್‌ಗೆ ಬಂದ ಮೀಟಿಂಗ್, ಸಬ್‌ಸ್ಕ್ರೈಬ್ ಮಾಡಿದ ನಿಮ್ಮ ಸ್ವಂತ ಕ್ಯಾಲೆಂಡರ್‌ಗೆ ಸಂಜೆ ಬರುತ್ತದೆ. ಅಷ್ಟರಲ್ಲಿ ಅದೇ ಹೊತ್ತನ್ನು ಬೇರೆಯವರು ಬುಕ್ ಮಾಡಿರುತ್ತಾರೆ. ಹಾಗಾಗಿ ಬುಕಿಂಗ್ ಆ್ಯಪ್ ಬಳಸುವುದಾದರೆ ಅದಕ್ಕೆ ಪ್ರತಿ ಕ್ಯಾಲೆಂಡರನ್ನೂ ಖಾತೆಯ ಮೂಲಕ ನೇರವಾಗಿ ಜೋಡಿಸಿ. ಲಿಂಕ್ ಮೂಲಕ ಬಂದ ನಕಲನ್ನು ನಂಬಬೇಡಿ.

ಹೆಜ್ಜೆ 4: ಕ್ಯಾಲೆಂಡರ್ ಸುಳ್ಳು ಹೇಳದಂತೆ ಮಾಡಿ

ಈ ಹೆಜ್ಜೆ ಬಿಟ್ಟುಹೋದವರೇ ಆಮೇಲೆ ಬುಕಿಂಗ್ ಆ್ಯಪ್ ಸರಿಯಿಲ್ಲ ಅನ್ನುತ್ತಾರೆ. ನಾನೂ ಅಂದಿದ್ದೆ.

ಮೂರು ದಿನ ರಜೆ ಹಾಕಿದ್ದೆ. ಕ್ಯಾಲೆಂಡರ್‌ನ ಮೇಲ್ಗಡೆ ಉದ್ದಕ್ಕೆ ಹಸಿರು ಪಟ್ಟಿ, ಅದರ ಮೇಲೆ "ರಜೆ" ಅಂತ ಬರೆದಿದೆ. ಎರಡನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಅರೆನಿದ್ದೆಯಲ್ಲಿದ್ದಾಗ ಮೆಸೇಜ್ ಬಂತು. "ಸರ್, ಕಾಲ್‌ಗೆ ಬಂದು ಹತ್ತು ನಿಮಿಷ ಆಯಿತು, ಲಿಂಕ್ ಸರಿ ಇದೆಯಾ?" ಯಾವ ಕಾಲ್? ನೋಡಿದರೆ ನನ್ನ ಬುಕಿಂಗ್ ಪೇಜ್‌ನಿಂದ ಅವರು ನಿನ್ನೆಯೇ ಸಮಯ ತೆಗೆದುಕೊಂಡಿದ್ದಾರೆ. ಆ್ಯಪ್‌ಗೆ ಮನಸ್ಸಿನಲ್ಲೇ ಬೈದೆ. ತಪ್ಪು ನನ್ನದಾಗಿತ್ತು. ಇಡೀ ದಿನದ ಈವೆಂಟ್ ಹಾಕಿದರೆ ಹಲವು ಕ್ಯಾಲೆಂಡರ್‌ಗಳು ಅದನ್ನು ತಾವಾಗಿಯೇ "ಫ್ರೀ" ಅಂತ ಗುರುತು ಮಾಡಿಕೊಳ್ಳುತ್ತವೆ. ಹುಟ್ಟುಹಬ್ಬ, ಬಿಲ್ ಕಟ್ಟುವ ಕೊನೇ ದಿನ ಅಂಥವಕ್ಕೆ ಅದು ಸರಿಯೇ, ಹುಟ್ಟುಹಬ್ಬ ಇದೆ ಅಂತ ದಿನವಿಡೀ ಬ್ಯುಸಿ ಇರುವುದಿಲ್ಲ ತಾನೇ. ರಜೆಗೆ ಮಾತ್ರ ಅದನ್ನು ತೆರೆದು "ಬ್ಯುಸಿ" ಅಂತ ಬದಲಾಯಿಸಬೇಕು. ಬುಕಿಂಗ್ ಆ್ಯಪ್ ನೋಡುವುದು ಪಟ್ಟಿಯ ಬಣ್ಣವನ್ನಲ್ಲ, ಆ ಒಂದು ಪದವನ್ನು.

ಇದೇ ಸಾಲಿನಲ್ಲಿ ಇನ್ನು ಕೆಲವು ನೋಡಿಕೊಳ್ಳಿ. ಕೆಲಸದ ಗಂಟೆಗಳನ್ನು ಸೆಟ್ಟಿಂಗ್ಸ್‌ನಲ್ಲಿ ತುಂಬಿ. ಓಡಾಟದ ಸಮಯವನ್ನೂ ಈವೆಂಟ್ ಆಗಿ ಹಾಕಿ, ಯಾಕೆಂದರೆ ಐದಕ್ಕೆ ಮುಗಿಯುವ ಭೇಟಿ ನಿಮ್ಮನ್ನು ಐದಕ್ಕೆ ಮೇಜಿಗೆ ತಂದು ಕೂರಿಸುವುದಿಲ್ಲ. ಹೌದು, ಇಲ್ಲ ಅಂತ ಉತ್ತರ ಕೊಡದೆ ಬಿಟ್ಟ ಇನ್ವೈಟ್‌ಗಳಿಗೆ ಉತ್ತರ ಕೊಡಿ, ಅವು ಅರೆಬರೆ ನಿಂತು ಜಾಗ ಹಿಡಿದಿರುತ್ತವೆ. ಗುರುತಿಲ್ಲದವರು ಕಳಿಸುವ ಇನ್ವೈಟ್ ತಾನಾಗಿ ಕ್ಯಾಲೆಂಡರ್ ಸೇರದಂತೆ ತಡೆಯುವ ಸೆಟ್ಟಿಂಗ್ ಗೂಗಲ್‌ನಲ್ಲಿದೆ, ಅದನ್ನು ಆನ್ ಮಾಡಿ. ಬಹುಮಾನ ಬಂದಿದೆ ಅನ್ನುವ ಸ್ಪ್ಯಾಮ್ ನಿಮ್ಮ ಮಂಗಳವಾರ ಹನ್ನೊಂದು ಗಂಟೆಯನ್ನು ನುಂಗಬಾರದಲ್ವಾ.

ಎರಡು ವಾರ ಇಷ್ಟು ಮಾಡಿ ನೋಡಿ. ಕೆಲವರಿಗೆ ಇಲ್ಲಿಗೇ ಸಮಸ್ಯೆ ಮುಗಿಯುತ್ತದೆ. ಮುಗಿದರೆ ಮುಂದಿನದು ಓದಬೇಕಿಲ್ಲ.

ಹೆಜ್ಜೆ 5: ಬುಕಿಂಗ್ ಆ್ಯಪ್ ಆರಿಸುವಾಗ ಕೇಳಬೇಕಾದದ್ದು

ಮೊದಲು ನಿಮ್ಮ ಕ್ಯಾಲೆಂಡರ್ ಒಳಗೇ ಇರುವುದನ್ನು ನೋಡಿ. ಗೂಗಲ್‌ನಲ್ಲಿ ಅಪಾಯಿಂಟ್‌ಮೆಂಟ್ ಶೆಡ್ಯೂಲ್ ಇದೆ, ಹಣ ಕೊಡದ ಸ್ವಂತ ಖಾತೆಯಲ್ಲೂ ಒಂದು ಬುಕಿಂಗ್ ಪೇಜ್ ಮಾಡಬಹುದು. ಆಫೀಸಿನಲ್ಲಿ ಮೈಕ್ರೋಸಾಫ್ಟ್ 365 ಇದ್ದರೆ ಬುಕಿಂಗ್ಸ್ ಸಿಗುವ ಸಾಧ್ಯತೆ ಇದೆ, ಐಟಿಯವರನ್ನು ಕೇಳಿ. ಒಂದೇ ಥರದ ಭೇಟಿ, ಒಂದೇ ಕ್ಯಾಲೆಂಡರ್ ಇರುವವರಿಗೆ ಇವೇ ಸಾಕು. ಇನ್ನೊಂದು ಕಂಪನಿಗೆ ನಿಮ್ಮ ಕ್ಯಾಲೆಂಡರ್ ತೋರಿಸುವ ಅಗತ್ಯವೇ ಬರುವುದಿಲ್ಲ.

ಅದು ಸಾಲುವುದಿಲ್ಲ ಅನ್ನಿಸಿದರೆ ಮಾತ್ರ ಹೊರಗೆ ನೋಡಿ. ಆಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆ ಅಲ್ಲ. ಈ ಆ್ಯಪ್ ಎಷ್ಟು ಕ್ಯಾಲೆಂಡರ್ ನೋಡಿ ಖಾಲಿ ಸಮಯ ತೋರಿಸುತ್ತದೆ? ಆಫೀಸಿನದು ಒಂದು, ಸ್ವಂತದ್ದು ಒಂದು ಇರುವವರಿಗೆ ಎರಡನ್ನೂ ನೋಡುವ ಆ್ಯಪ್ ಬೇಕೇ ಬೇಕು. ಹಲವು ಆ್ಯಪ್‌ಗಳ ಉಚಿತ ಪ್ಲಾನ್ ಒಂದೇ ಕ್ಯಾಲೆಂಡರ್, ಒಂದೇ ಥರದ ಭೇಟಿಗೆ ನಿಲ್ಲುತ್ತದೆ. ಈ ಮಿತಿಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹಳೇ ವಿಮರ್ಶೆ ಓದುವ ಬದಲು ಆ್ಯಪ್‌ನ ಪ್ಲಾನ್ ಪುಟವನ್ನೇ ತೆರೆಯಿರಿ.

ಎರಡನೆಯದು, ಬುಕ್ ಮಾಡುವವರು ಖಾತೆ ತೆರೆಯಬೇಕಾ? ತೆರೆಯಬೇಕು ಅಂದರೆ ಆ ಆ್ಯಪ್ ಬಿಟ್ಟುಬಿಡಿ. ನಿಮ್ಮ ಅನುಕೂಲಕ್ಕೆ ಅವರ ಮೇಲೆ ಪಾಸ್‌ವರ್ಡ್ ಹೊರಿಸಬಾರದು.

ಮೂರನೆಯದು, ತಂಡದ ಕೆಲಸ. ಯಾರಾದರೂ ಒಬ್ಬರು ಸಿಕ್ಕರೆ ಸಾಕು, ಸರದಿ ಪ್ರಕಾರ ಹಂಚಲಿ ಅನ್ನುವುದು ಒಂದು. ಅದಕ್ಕೆ ರೌಂಡ್ ರಾಬಿನ್ ಅನ್ನುತ್ತಾರೆ. ಮೂವರೂ ಒಟ್ಟಿಗೆ ಖಾಲಿ ಇರುವ ಸಮಯ ಮಾತ್ರ ತೋರಿಸಲಿ ಅನ್ನುವುದು ಇನ್ನೊಂದು. ಸಾಮಾನ್ಯವಾಗಿ ಎರಡೂ ಹಣ ಕೊಡುವ ಪ್ಲಾನ್‌ನಲ್ಲೇ ಇರುತ್ತವೆ. ಒಬ್ಬರೇ ಕೆಲಸ ಮಾಡುವವರು ಇದಕ್ಕೆ ದುಡ್ಡು ಕೊಡುವುದು ದಂಡ.

ಉಳಿದದ್ದು ಸಣ್ಣಪುಟ್ಟವು. ವಿಡಿಯೊ ಕಾಲ್ ಲಿಂಕ್ ತಾನೇ ಸೇರಿಸುತ್ತದಾ, ಇಮೇಲಿನಲ್ಲೇ ರದ್ದು ಮಾಡಲು ಮತ್ತು ಸಮಯ ಬದಲಾಯಿಸಲು ಲಿಂಕ್ ಇರುತ್ತದಾ, ನೆನಪಿನ ಮೆಸೇಜ್ ಹೋಗುತ್ತದಾ ಅಂತ ನೋಡಿ. ಲೋಗೊ ಬಣ್ಣ ಬದಲಾಯಿಸುವ ಸೌಲಭ್ಯಕ್ಕೆ ಮರುಳಾಗಬೇಡಿ.

ಹೆಜ್ಜೆ 6: ಬುಕಿಂಗ್ ಪೇಜ್‌ನ ಅಂಕಿಗಳು

ಆ್ಯಪ್ ಯಾವುದೇ ಇರಲಿ, ಈ ನಾಲ್ಕೈದು ಅಂಕಿ ತಪ್ಪಿದರೆ ನಿಮ್ಮ ದಿನ ನಿಮ್ಮ ಕೈಯಲ್ಲಿರುವುದಿಲ್ಲ. ನನ್ನ ಲೆಕ್ಕ ಹೇಳುತ್ತೇನೆ, ಯಾಕೆ ಅನ್ನುವುದನ್ನೂ ಹೇಳುತ್ತೇನೆ. ನಿಮಗೆ ಒಗ್ಗುವ ಹಾಗೆ ಬದಲಾಯಿಸಿಕೊಳ್ಳಿ.

ಅವಧಿ 25 ನಿಮಿಷ. ಮೂವತ್ತು ಅಂದರೆ ಮೂವತ್ತೈದಾಗುತ್ತದೆ. ಇಪ್ಪತ್ತೈದು ಅಂದರೆ ಮೂವತ್ತಕ್ಕೆ ಮುಗಿಯುತ್ತದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಸ್ಪೀಡಿ ಮೀಟಿಂಗ್ಸ್ ಅನ್ನುವ ಸೆಟ್ಟಿಂಗ್ ಕೂಡ ಇದನ್ನೇ ಮಾಡುತ್ತದೆ, 30ನ್ನು 25ಕ್ಕೆ, 60ನ್ನು 50ಕ್ಕೆ ಇಳಿಸುತ್ತದೆ.

ಬಫರ್ 10 ನಿಮಿಷ, ಭೇಟಿಯ ನಂತರ. ಬಫರ್ ಅಂದರೆ ಎರಡು ಬುಕಿಂಗ್ ನಡುವೆ ಆ್ಯಪ್ ಬಿಡುವ ಜಾಗ. ಅದಿಲ್ಲದೆ ನಾಲ್ಕು ಭೇಟಿ ಸಾಲಾಗಿ ಬಂದ ದಿನ ನೀರು ಕುಡಿಯಲೂ ಏಳಲಿಲ್ಲ. ಮೂರನೆಯವರಿಗೆ ಎರಡನೆಯವರ ಹೆಸರು ಹಿಡಿದು ಕರೆದೆ.

ಕನಿಷ್ಠ ಮುನ್ಸೂಚನೆ 24 ಗಂಟೆ, ಅಂದರೆ ಭೇಟಿಗಿಂತ ಕಡೇಪಕ್ಷ ಅಷ್ಟು ಮೊದಲೇ ಬುಕ್ ಮಾಡಿರಬೇಕು. ಇದನ್ನು ಶುರುವಿನಲ್ಲಿ ಎರಡು ಗಂಟೆಗೆ ಬಿಟ್ಟಿದ್ದೆ. ಆಗ ಬೆಳಿಗ್ಗೆ ಕ್ಯಾಲೆಂಡರ್ ನೋಡಿ ಮಾಡಿಕೊಂಡ ಯಾವ ಲೆಕ್ಕವೂ ಮಧ್ಯಾಹ್ನದ ತನಕ ನಿಲ್ಲುತ್ತಿರಲಿಲ್ಲ. ತುರ್ತು ಇರುವವರು ಫೋನ್ ಮಾಡುತ್ತಾರೆ ಬಿಡಿ.

ಎಷ್ಟು ಮುಂದಿನ ದಿನಗಳವರೆಗೆ ಬುಕ್ ಮಾಡಬಹುದು ಅನ್ನುವುದಕ್ಕೆ ಮೂರು ವಾರ. ಎರಡು ತಿಂಗಳು ತೆರೆದಿಟ್ಟರೆ ನಿಮಗೇ ಗೊತ್ತಿಲ್ಲದ ಪ್ರವಾಸದ ದಿನವನ್ನು ಯಾರೋ ಹಿಡಿದುಕೊಂಡಿರುತ್ತಾರೆ. ಅಷ್ಟು ದೂರದ ಭೇಟಿ ಮರೆತೂ ಹೋಗುತ್ತದೆ.

ದಿನಕ್ಕೆ ಮೂರು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ, ಪೂರ್ತಿ ದಿನ ತೆರೆದಿಡಬೇಡಿ. ವಾರದಲ್ಲಿ ಎರಡು ಮಧ್ಯಾಹ್ನ ಸಾಕು. ಬುಕಿಂಗ್ ಪೇಜ್ ಅಂದ ತಕ್ಷಣ ಒಂಬತ್ತರಿಂದ ಆರರವರೆಗೆ ಎಲ್ಲ ತೆರೆದಿಡುವುದು ಹೊಸಬರೆಲ್ಲ ಮಾಡುವ ತಪ್ಪು. ಆ್ಯಪ್ ಕೂಡ ಮೊದಲಿಗೆ ಹಾಗೇ ಇಟ್ಟಿರುತ್ತದೆ.

ಫಾರಂನಲ್ಲಿ ಒಂದೇ ಪ್ರಶ್ನೆ ಇಡಿ: "ಯಾವುದರ ಬಗ್ಗೆ ಮಾತಾಡೋಣ?" ಆರು ಪ್ರಶ್ನೆ ಇಟ್ಟರೆ ಅರ್ಧ ತುಂಬಿಸಿ ಹೋಗಿಬಿಡುತ್ತಾರೆ.

ಹೆಜ್ಜೆ 7: ಲಿಂಕ್ ಹಂಚುವ ಮೊದಲು ನೀವೇ ಗಿರಾಕಿಯಾಗಿ

ಇದಕ್ಕೆ ಕಾಲು ಗಂಟೆ ಸಾಕು. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ವಿಂಡೊ ತೆರೆಯಿರಿ. ಮಾಮೂಲಿ ವಿಂಡೊದಲ್ಲಿ ನೀವು ಲಾಗಿನ್ ಆಗಿರುತ್ತೀರಿ, ಬೇರೆಯವರಿಗೆ ಏನು ಕಾಣುತ್ತದೆ ಅಂತ ತಿಳಿಯುವುದಿಲ್ಲ. ನಿಮ್ಮ ಬುಕಿಂಗ್ ಲಿಂಕ್ ಹಾಕಿ. ಯಾವ ದಿನಗಳು ತೆರೆದಿವೆ? ನಿಮಗೆ ಮೀಟಿಂಗ್ ಇದೆ ಅಂತ ಗೊತ್ತಿರುವ ಒಂದು ದಿನ ಒತ್ತಿ. ಆ ಹೊತ್ತು ಅಲ್ಲಿ ಕಾಣಬಾರದು. ರಜೆಯ ದಿನ ಒತ್ತಿ, ಏನೂ ಬರಬಾರದು.

ಈಗ ನಿಮ್ಮ ಇನ್ನೊಂದು ಇಮೇಲ್ ಕೊಟ್ಟು ಬುಕ್ ಮಾಡಿ. ಇಮೇಲ್ ಬಂತಾ? ಯಾರ ಹೆಸರಲ್ಲಿ ಬಂತು? ಸ್ಪ್ಯಾಮ್‌ಗೆ ಹೋಯಿತಾ? ಕ್ಯಾಲೆಂಡರ್‌ನಲ್ಲಿ ಒಂದೇ ಸಲ ಕೂತಿದೆಯಾ, ಎರಡು ಸಲವಾ? ವಿಡಿಯೊ ಲಿಂಕ್ ಒತ್ತಿದರೆ ತೆರೆಯುತ್ತದಾ? ಸಮಯ ಬದಲಾಯಿಸಿ ನೋಡಿ. ಹಳೇ ಈವೆಂಟ್ ಜಾಗ ಬಿಟ್ಟು ಹೊಸದಕ್ಕೆ ಹೋಯಿತಾ, ಇಲ್ಲಾ ಎರಡೂ ಉಳಿಯಿತಾ? ಕೊನೆಗೆ ರದ್ದು ಮಾಡಿ. ಬಿಟ್ಟ ಸಮಯ ಮತ್ತೆ ಪೇಜ್‌ನಲ್ಲಿ ಕಾಣಬೇಕು. ಇಷ್ಟನ್ನೂ ಒಮ್ಮೆ ಫೋನಿನಲ್ಲೂ ಮಾಡಿ, ಯಾಕೆಂದರೆ ಜನ ಲಿಂಕ್ ಒತ್ತುವುದು ಅಲ್ಲೇ.

ಇನ್ನೊಂದು ಕೆಲಸ ಬಾಕಿ ಇದೆ. ಪೇಜ್‌ನಲ್ಲಿ ಟೈಮ್ ಜೋನ್ ಬದಲಾಯಿಸಿ, ಟೋಕಿಯೊ ಅಥವಾ ಲಂಡನ್ ಅಂತ ಇಟ್ಟು, ಸಮಯಗಳು ಸರಿಯಾಗಿ ಸರಿದವಾ ನೋಡಿ.

ಹೆಜ್ಜೆ 8: ದೂರದವರ ಜೊತೆ ಮೀಟಿಂಗ್ ಇದ್ದರೆ

ಬುಕಿಂಗ್ ಪೇಜ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು. ನೋಡುವವರ ಗಡಿಯಾರಕ್ಕೆ ತಕ್ಕಂತೆ ಸಮಯ ತಾನೇ ಬದಲಾಗಿ ಕಾಣುತ್ತದೆ. ಕೈಲೆಕ್ಕ ಹಾಕಿ ಬರೆದರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಮೂರಕ್ಷರದ ಹೆಸರುಗಳನ್ನೂ ನಂಬಬೇಡಿ. ಐಎಸ್‌ಟಿ ಅಂತ ಬರೆದರೆ ಭಾರತದ್ದೂ ಆಗಬಹುದು, ಇಸ್ರೇಲಿನದೂ ಆಗಬಹುದು, ಐರ್ಲೆಂಡಿನದೂ ಆಗಬಹುದು. ಊರಿನ ಹೆಸರು ಬರೆಯುವುದು ವಾಸಿ.

ಹೆಚ್ಚು ಕಾಡುವುದು ಪ್ರತಿ ವಾರ ಬರುವ ಮೀಟಿಂಗ್. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ವಾಪಸ್ ಬರುತ್ತದೆ. ಯುರೋಪಿನಲ್ಲಿ ಮಾರ್ಚ್ ಕೊನೇ ಭಾನುವಾರ ಮತ್ತು ಅಕ್ಟೋಬರ್ ಕೊನೇ ಭಾನುವಾರ. ಭಾರತ, ಜಪಾನ್‌ಗಳಲ್ಲಿ ಬದಲಾಗುವುದೇ ಇಲ್ಲ. 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ಅಂತರ ಐದು ಗಂಟೆಯ ಬದಲು ನಾಲ್ಕೇ ಗಂಟೆ. ಆ ಮೂರು ವಾರ ಒಬ್ಬರಿಗೆ ಮೀಟಿಂಗ್ ಮಾಮೂಲಿ ಹೊತ್ತಿಗೆ, ಇನ್ನೊಬ್ಬರಿಗೆ ಒಂದು ಗಂಟೆ ಆಚೀಚೆ.

ಯಾರಿಗೆ ಆಚೀಚೆ ಆಗುತ್ತದೆ? ಪ್ರತಿ ವಾರದ ಮೀಟಿಂಗ್ ಸರಣಿಯಲ್ಲಿ ಅದನ್ನು ಮಾಡಿದ ಟೈಮ್ ಜೋನ್ ದಾಖಲಾಗಿರುತ್ತದೆ. ಆ ಜೋನ್‌ನವರ ಗಡಿಯಾರದಲ್ಲಿ ಸಮಯ ಅಲುಗಾಡುವುದಿಲ್ಲ, ಉಳಿದವರದು ಸರಿಯುತ್ತದೆ. ಆದ್ದರಿಂದ ಮಕ್ಕಳನ್ನು ಶಾಲೆಗೆ ಬಿಡುವವರೋ, ಪಾಳಿಯಲ್ಲಿ ಕೆಲಸ ಮಾಡುವವರೋ, ಯಾರ ದಿನ ಸಡಿಲ ಇಲ್ಲವೋ ಅವರ ಜೋನ್‌ನಲ್ಲಿ ಸರಣಿ ಮಾಡಿ. ಈವೆಂಟ್ ಬರೆಯುವಾಗಲೇ ಜೋನ್ ಆರಿಸುವ ಜಾಗ ಸಿಗುತ್ತದೆ.

ಹೆಜ್ಜೆ 9: ಅನುಮತಿ ಪುಟ ಓದಿ, ಹೊರಬರುವ ದಾರಿ ನೋಡಿಡಿ

ಹೊಸ ಆ್ಯಪ್‌ಗೆ ಕ್ಯಾಲೆಂಡರ್ ಜೋಡಿಸುವಾಗ ಒಂದು ಅನುಮತಿ ಪುಟ ಬರುತ್ತದೆ. ಎಲ್ಲರೂ ಓದದೆ ಒತ್ತುತ್ತಾರೆ. ಅಲ್ಲಿ ಆ್ಯಪ್ ಏನು ಕೇಳುತ್ತಿದೆ? ಖಾಲಿಯೋ ಬ್ಯುಸಿಯೋ ಅನ್ನುವುದನ್ನು ಮಾತ್ರವಾ, ಎಲ್ಲ ಈವೆಂಟ್‌ಗಳನ್ನು ಓದಿ, ತಿದ್ದಿ, ಅಳಿಸುವ ಹಕ್ಕಾ? ಬುಕಿಂಗ್ ಬರೆಯಬೇಕಾದ್ದರಿಂದ ತಿದ್ದುವ ಹಕ್ಕು ಬೇಕಾಗಬಹುದು. ಇಮೇಲ್ ಓದುವ ಹಕ್ಕು, ಎಲ್ಲ ಕಾಂಟ್ಯಾಕ್ಟ್‌ಗಳ ಹಕ್ಕು ಯಾಕೆ ಬೇಕು ಅಂತ ತಿಳಿಯದಿದ್ದರೆ ಹಿಂದೆ ಸರಿಯಿರಿ. ಡಾಕ್ಟರ ಭೇಟಿ, ಬ್ಯಾಂಕಿನ ಕೆಲಸ, ಸಂದರ್ಶನ ಎಲ್ಲ ನಿಮ್ಮ ಕ್ಯಾಲೆಂಡರ್‌ನಲ್ಲಿ ಬರೆದಿರುತ್ತೀರಿ. ಆಫೀಸ್ ಕ್ಯಾಲೆಂಡರ್ ಆದರೆ ಜೋಡಿಸುವ ಮೊದಲು ಐಟಿಯವರನ್ನು ಕೇಳಿಬಿಡಿ.

ಇನ್ನೊಂದು, ಆ್ಯಪ್‌ಗಳು ಸಾಯುತ್ತವೆ. ಸನ್‌ರೈಸ್ ಅಂತ ತುಂಬಾ ಚಂದದ ಕ್ಯಾಲೆಂಡರ್ ಆ್ಯಪ್ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, 2016ರಲ್ಲಿ ಮುಚ್ಚಿತು. ಅದರ ಒಳ್ಳೇ ಗುಣಗಳು ಔಟ್‌ಲುಕ್ ಆ್ಯಪ್‌ಗೆ ಸೇರಿದವು ಅನ್ನುವುದು ಬೇರೆ ಮಾತು. ಕ್ರಾನ್ ಅನ್ನುವ ಇನ್ನೊಂದನ್ನು 2022ರಲ್ಲಿ ನೋಷನ್ ಕಂಪನಿ ಕೊಂಡುಕೊಂಡಿತು, ಅದು ಈಗ ನೋಷನ್ ಕ್ಯಾಲೆಂಡರ್. ಇಂಥ ಆ್ಯಪ್‌ಗಳು ಮುಚ್ಚಿದಾಗಲೂ, ಈವೆಂಟ್‌ಗಳು ಗೂಗಲ್ ಖಾತೆಯಲ್ಲೇ ಇದ್ದವರಿಗೆ ಮೇಲಿನ ಹೊದಿಕೆ ಹೋಯಿತು ಅಷ್ಟೇ, ಪುಸ್ತಕ ಹೋಗಲಿಲ್ಲ. ಪುಸ್ತಕ ಮತ್ತು ಗುಮಾಸ್ತ ಬೇರೆ ಬೇರೆ ಇರಲಿ ಅನ್ನುವುದು ಇದಕ್ಕೇ. ಈವೆಂಟ್‌ಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಐಸಿಎಸ್ ಆಗಿ ಎಕ್ಸ್‌ಪೋರ್ಟ್ ಮಾಡಲು ಬಿಡದ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ಹೆಜ್ಜೆ 10: ಲಿಂಕ್ ಕಳಿಸುವ ರೀತಿ

2022ರ ಜನವರಿಯಲ್ಲಿ ಟ್ವಿಟರ್‌ನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳ ನಡೆದಿತ್ತು. ಬುಕಿಂಗ್ ಲಿಂಕ್ ಕಳಿಸುವುದು ದರ್ಪ ತೋರಿಸಿದಂತೆ ಅನ್ನುವವರು ಒಂದು ಕಡೆ, ಸಮಯ ಉಳಿಸುವುದು ದರ್ಪ ಹೇಗಾಗುತ್ತದೆ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಸರಿ ಅನ್ನಿಸುತ್ತದೆ. ಅವರು ನಿಮ್ಮ ಸಮಯ ಕೇಳಿದ್ದರೆ ಲಿಂಕ್ ಕೊಡುವುದು ಉಪಕಾರ. ನೀವು ಅವರ ಸಮಯ ಕೇಳುತ್ತಾ ಲಿಂಕ್ ಮಾತ್ರ ಎಸೆದರೆ, ಕೆಲಸ ನಿಮ್ಮದು, ಓಡಾಟ ಅವರದು ಅಂದಂತೆ.

ನಾನು ಬರೆಯುವುದು ಹೀಗೆ: "ಸರ್, ಮಂಗಳವಾರ 3 ಗಂಟೆ ಅಥವಾ ಗುರುವಾರ 11 ಗಂಟೆ ನನಗೆ ಆಗುತ್ತದೆ. ಎರಡೂ ಆಗದಿದ್ದರೆ ನಿಮಗೆ ಅನುಕೂಲವಾದ ಸಮಯ ಹೇಳಿ, ನಾನು ಹೊಂದಿಸಿಕೊಳ್ಳುತ್ತೇನೆ. ಲಿಂಕ್‌ನಲ್ಲೇ ನೋಡುವುದು ಸುಲಭ ಅನ್ನಿಸಿದರೆ ಅದನ್ನೂ ಕೆಳಗೆ ಹಾಕಿದ್ದೇನೆ." ಜಾಸ್ತಿ ಜನ ಲಿಂಕನ್ನೇ ಒತ್ತುತ್ತಾರೆ. ಹಿರಿಯರು ಹೆಚ್ಚಾಗಿ "ಮಂಗಳವಾರ ಓಕೆ" ಅಂತ ಎರಡೇ ಪದ ಕಳಿಸುತ್ತಾರೆ. ಆಗ ನಾನೇ ಇನ್ವೈಟ್ ಹಾಕುತ್ತೇನೆ. ಕೊಟ್ಟ ಎರಡು ಸಮಯವನ್ನು ಉತ್ತರ ಬರುವ ತನಕ ಕ್ಯಾಲೆಂಡರ್‌ನಲ್ಲಿ ಹಿಡಿದಿಡಬೇಕು, ಇಲ್ಲದಿದ್ದರೆ ನಿಮ್ಮದೇ ಬುಕಿಂಗ್ ಪೇಜ್ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ.

ಒಂದು ತಿಂಗಳು ಬಿಟ್ಟು ಮತ್ತೆ ಆ ಹಾಳೆ ತೆಗೆಯಿರಿ. ಬುಕಿಂಗ್ ಪೇಜ್ ಮೂಲಕ ಬಂದ ಭೇಟಿ ಒಂದೆರಡೇ ಆಗಿದ್ದರೆ ಆ್ಯಪ್ ತೆಗೆದುಬಿಡಿ. ಫೋನಿನಿಂದ ಅಳಿಸಿದರೆ ಸಾಲದು. ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ, ಜೋಡಿಸಿರುವ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಅನುಮತಿ ತೆಗೆಯಬೇಕು. ಬುಕಿಂಗ್ ಪೇಜ್ ಅನ್ನೂ ಆಫ್ ಮಾಡಿ. ಆಮೇಲೆ ಇಮೇಲ್ ಸಹಿಯ ಕೆಳಗೆ ಆ ಲಿಂಕ್ ಇನ್ನೂ ಕೂತಿದೆಯಾ ನೋಡಿ. ನಾನು ಈ ಎರಡನ್ನೂ ಮರೆತಿದ್ದೆ, ಐದು ತಿಂಗಳ ನಂತರ ಒಬ್ಬರು ಹಳೇ ಪೇಜ್‌ನಲ್ಲಿ ಸಮಯ ತೆಗೆದುಕೊಂಡು ಕಾದು ಕೂತಿದ್ದರು.